ಹಳೆ ಪಿಕಪ್ ಚಾಸಿಸ್: ಅಂಗಳದಲ್ಲಿ ಎಷ್ಟು ಮಾಡಬಹುದು, ಎಲ್ಲಿಗೆ ನಿಲ್ಲಿಸಬೇಕು?

ಕಾಪು ಪಿಕಪ್

ಗಾಡಿ 1990ರ ದಶಕದ ಕೊನೆಯ ಮಹೀಂದ್ರಾ ಪಿಕಪ್. ಡೀಸೆಲ್, ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್, ಕೆಎ 20 ನೋಂದಣಿ. ಮಲ್ಪೆ ಬಂದರಿನಿಂದ ಮೀನು ಸಾಗಿಸುವ ಗಾಡಿ, ಈಗಲೂ ಅದೇ ಕೆಲಸ. ಎಂಜಿನ್, ಗೇರ್‌ಬಾಕ್ಸ್‌ಗೆ ತೊಂದರೆ ಇಲ್ಲ. ಕ್ಯಾಬಿನ್ ಪರವಾಗಿಲ್ಲ. ಚಾಸಿಸ್ ಮಾತ್ರ ಹಿಂದಿನ ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗನ್ನು ಚಾಸಿಸಿಗೆ ಹಿಡಿಯುವ ಬ್ರಾಕೆಟ್) ಹತ್ತಿರ ಪದರ ಪದರ ಏಳುತ್ತಾ ಉಂಟು. ಲೋಡ್ ಬಾಡಿಯ ಅಡಿಮರ (ಬಾಡಿ ಮತ್ತು ಚಾಸಿಸ್ ನಡುವಿನ ಮರದ ತೊಲೆ) ಕೂತಲ್ಲಿ ಎಂತ ಆಗಿದೆ ಅಂತ ಹೊರಗಿಂದ ಕಾಣುವುದಿಲ್ಲ.

ಅಂದಾಜು ಹೀಗೆ: ಬಾಡಿ ಎತ್ತಿ ಇಳಿಸುವುದು, ಗ್ರೈಂಡರ್ ಹಿಡಿದು ತುಕ್ಕು ತೆಗೆಯುವುದು, ತೂತಾದಲ್ಲಿ ಪ್ಲೇಟ್ ಇಟ್ಟು ವೆಲ್ಡಿಂಗ್, ಮೇಲೆ ಕಪ್ಪು ಪೈಂಟ್. ಹಿಂದಿನ ಸ್ಪ್ರಿಂಗಿಗೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿ, ಬಾಡಿಯನ್ನು ಒಂದು ಅಡಿ ಉದ್ದ ಮಾಡಿಸುವ ಆಲೋಚನೆಯೂ ಉಂಟು. ಜಾಗ ಮನೆ ಪಕ್ಕದ ಶೀಟಿನ ಮಾಡು, ನೆಲ ಸಿಮೆಂಟ್. ಮೀನುಗಾರಿಕೆ ನಿಷೇಧದ ಜೂನ್, ಜುಲೈಯಲ್ಲಿ ಗಾಡಿಗೆ ಕೆಲಸ ಇರುವುದಿಲ್ಲ, ಆಗಲೇ ಮುಗಿಸುವುದು ಅಂತ. ತಿಳಿದವರು ಹೇಳಿ.

ಬಂದರ್ ವೆಲ್ಡರ್

ಗ್ರೈಂಡರ್ ಆಮೇಲೆ. ಮೊದಲು ಸುತ್ತಿಗೆ.

ಅರ್ಧ ಕಿಲೋದ ಗುಂಡು ತಲೆಯ ಸುತ್ತಿಗೆ ತಗೊಂಡು ಚಾಸಿಸಿನ ಎರಡೂ ಉದ್ದದ ಚಾನಲನ್ನು, ಅಂದರೆ ‘ಸಿ’ ಆಕಾರದ ತೊಲೆಗಳನ್ನು, ಗೇಣಿಗೊಂದು ಪೆಟ್ಟಿನಂತೆ ಬಡಿಯುತ್ತಾ ಬನ್ನಿ. ಗಟ್ಟಿ ಕಬ್ಬಿಣ ಠಣ್ ಅಂತದೆ, ಸುತ್ತಿಗೆ ವಾಪಸ್ ಪುಟಿಯುತ್ತದೆ. ತಿಂದು ಹೋದದ್ದು ಡಬ್ ಅಂತದೆ, ತುಕ್ಕಿನ ಪದರ ಉದುರುತ್ತದೆ. ಅನುಮಾನ ಬಂದಲ್ಲಿ ಸೀಮೆಸುಣ್ಣದ ಗುರುತು. ಆಮೇಲೆ ಆ ಗುರುತುಗಳಲ್ಲಿ ಚೂಪು ಸ್ಕ್ರೂಡ್ರೈವರ್ ಒತ್ತಿ ನೋಡಿ.

ಮೀನಿನ ಗಾಡಿಯಲ್ಲಿ ಮೊದಲು ಹೋಗುವ ಜಾಗಗಳು: ಹಿಂದಿನ ಹ್ಯಾಂಗರ್ ಮತ್ತು ಶ್ಯಾಕಲ್ (ಸ್ಪ್ರಿಂಗಿನ ತುದಿ ಆಡುವ ಕೊಂಡಿ) ಬ್ರಾಕೆಟ್‌ನ ಹಿಂಬದಿ, ಅಡ್ಡ ಮೆಂಬರ್ ಉದ್ದದ ಚಾನಲಿಗೆ ಸೇರುವಲ್ಲಿ ಎರಡು ಹಾಳೆಗಳ ನಡುವೆ, ಚಾನಲಿನ ಕೆಳ ತುಟಿಯ (ಅಡ್ಡ ಚಾಚಿದ ಭಾಗದ) ಒಳಮೂಲೆ, ಕ್ಯಾಬಿನ್ ಹಿಂದೆ ಅಡಿಮರ ಶುರುವಾಗುವ ಜಾಗ. ಸ್ಟಿಯರಿಂಗ್ ಬಾಕ್ಸ್ ಕೂತ ಜಾಗವನ್ನೂ ಬಿಡಬೇಡಿ. ಅಲ್ಲಿ ತುಕ್ಕಿಗಿಂತ ಬಿರುಕು ಜಾಸ್ತಿ. ಬೋಲ್ಟ್ ತೂತಿನಿಂದ ಕೂದಲೆಳೆಯಂತೆ ಹೊರಡುತ್ತದೆ, ಪೈಂಟ್ ತೆಗೆದು ಚೆನ್ನಾಗಿ ಒರೆಸಿದರೆ ಮಾತ್ರ ಕಾಣುತ್ತದೆ.

ದಪ್ಪ ಅಳೆಯಲೇಬೇಕು. ಅಲ್ಟ್ರಾಸೋನಿಕ್ ಮೀಟರ್ ಸಿಕ್ಕಿದರೆ ಒಳ್ಳೆಯದು. ಇಲ್ಲದಿದ್ದರೆ ಚಾನಲಿನ ನಡುಬದಿಯಲ್ಲಿ (ಎರಡು ತುಟಿಗಳ ನಡುವಿನ ನೆಟ್ಟಗಿನ ಭಾಗ) 3 ಮಿ.ಮೀ. ತೂತು ಕೊರೆದು ವರ್ನಿಯರ್ ಕ್ಯಾಲಿಪರಿನ ಹಿಂಬಾಲದ ಕಡ್ಡಿ ಇಳಿಸಿ ಅಳೆಯಿರಿ. ತುಕ್ಕಿಲ್ಲದ ಒಂದು ಜಾಗದ ದಪ್ಪವೇ ನಿಮ್ಮ ಮೂಲ ಅಳತೆ. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೋಗಿದ್ದರೆ ಆ ತುಂಡು ಕತ್ತರಿಸಿ ಹೊಸದು ಹಾಕುವ ಲೆಕ್ಕಕ್ಕೆ ಬರುತ್ತದೆ. ಪೈಂಟ್ ಹೊಡೆದು ಮುಚ್ಚುವ ಲೆಕ್ಕಕ್ಕಲ್ಲ. ಸ್ಪ್ರಿಂಗ್ ಹ್ಯಾಂಗರಿನ ಮುಂದೆ ಹಿಂದೆ ಎರಡೂ ಚಾನಲ್ ಅಡಿಗಟ್ಟಲೆ ಸವೆದಿದ್ದರೆ ಅಂಗಳದ ಕೆಲಸವೇ ಬೇಡ ಅಂತ ನನ್ನ ಅಭಿಪ್ರಾಯ.

ಮೈಕ್ರಾನ್

ಕೆಲಸದ ಕಾಲದ ಬಗ್ಗೆ ಒಂದು ಮಾತು. ಜೂನ್, ಜುಲೈಯಲ್ಲಿ ಬಿಚ್ಚುವುದು, ಅಳೆಯುವುದು, ಬಿಡಿಭಾಗ ಹೊಂದಿಸುವುದು, ವೆಲ್ಡಿಂಗ್ ಬೇಕಾದರೆ ಮಾಡಿ. ಪೈಂಟ್ ಮಾಡಬೇಡಿ.

ಕಾರಣ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗಿ ಕೂರಲು ಶುರುವಾಗುವ ಉಷ್ಣತೆ. ಪೈಂಟ್ ಹಚ್ಚುವಾಗ ಕಬ್ಬಿಣದ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವಾಂಶ ಶೇ. 85ರ ಒಳಗಿರಬೇಕು. ಮಳೆಗಾಲದಲ್ಲಿ 27 ಡಿಗ್ರಿ, ಶೇ. 90 ತೇವಾಂಶ ಅಂತ ಇಟ್ಟುಕೊಳ್ಳಿ, ಇಬ್ಬನಿ ಬಿಂದು ಸುಮಾರು 25.2 ಆಗುತ್ತದೆ. ಅಂತರ ಎರಡು ಡಿಗ್ರಿಯೂ ಇಲ್ಲ. ಕಣ್ಣಿಗೆ ಒಣಗಿದಂತೆ ಕಂಡರೂ ಲೋಹದ ಮೇಲೆ ನೀರಿನ ತೆಳು ಪದರ ಇರುತ್ತದೆ, ಎಪಾಕ್ಸಿ ಪೈಂಟ್ ಅದರ ಮೇಲೆ ಕೂರುತ್ತದೆ, ಮುಂದಿನ ವರ್ಷ ಹಾಳೆಯಂತೆ ಎದ್ದು ಬರುತ್ತದೆ. ಅದೇ ಜನವರಿಯ ಮಧ್ಯಾಹ್ನ 32 ಡಿಗ್ರಿ, ಶೇ. 55 ಇದ್ದರೆ ಇಬ್ಬನಿ ಬಿಂದು 22ರ ಆಸುಪಾಸು. ಹತ್ತು ಡಿಗ್ರಿ ಅಂತರ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ಒಳಗೆ. ಕರಾವಳಿಯಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ತೇವಾಂಶದ ಮೀಟರ್ ಇಲ್ಲದವರು ಒದ್ದೆ ಬಟ್ಟೆಯಲ್ಲಿ ಅಂಗೈಯಗಲ ಒರೆಸಿ ನೋಡಬಹುದು. ಹದಿನೈದು ನಿಮಿಷದೊಳಗೆ ಪೂರ್ತಿ ಒಣಗದಿದ್ದರೆ ಅಂದು ಪೈಂಟಿನ ಡಬ್ಬಿ ತೆರೆಯಬೇಡಿ.

ಕಾಪು ಪಿಕಪ್

ಅಂದರೆ ಗಾಡಿ ಬಿಡುವಿರುವಾಗ ಪೈಂಟ್ ಆಗುವುದಿಲ್ಲ, ಪೈಂಟ್ ಆಗುವಾಗ ಗಾಡಿಗೆ ಬಿಡುವಿಲ್ಲ. ಇದಕ್ಕೆ ಎಂತ ಮಾಡುವುದು?

ಮೈಕ್ರಾನ್

ಎರಡು ಕಂತಿನಲ್ಲಿ ಮಾಡಿ. ಮಳೆಗಾಲದಲ್ಲಿ ಬಿಚ್ಚಿ ವೆಲ್ಡಿಂಗ್ ಮುಗಿಸಿ, ಬರಿಮೈ ಜಾಗಗಳಿಗೆ ಮೇಣ ಬೆರೆತ ತುಕ್ಕು ತಡೆ ಎಣ್ಣೆ ಹಚ್ಚಿ ಓಡಿಸಿ. ಜನವರಿಯಲ್ಲಿ ಬಾಡಿ ಮಾತ್ರ ಇಳಿಸಿ, ಎಣ್ಣೆಯನ್ನು ಥಿನ್ನರಿನಲ್ಲಿ ತೊಳೆದು ಪೈಂಟ್. ಬಾಡಿಯ ಬೋಲ್ಟ್‌ಗಳನ್ನು ಮಳೆಗಾಲದಲ್ಲೇ ಹೊಸದು ಹಾಕಿ ಗ್ರೀಸ್ ಸವರಿಟ್ಟರೆ ಎರಡನೇ ಸಲ ಬಿಚ್ಚುವುದು ಸಲೀಸು.

ಕೆಎ 19 ಕಾಗದಪತ್ರ

ಬಾಡಿ ಒಂದು ಅಡಿ ಉದ್ದ ಮಾಡಿಸುವ ವಿಷಯ ಇಲ್ಲಿಗೇ ಕೈಬಿಡಿ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರ ಕಂಪನಿಯ ಮೂಲ ವಿನ್ಯಾಸಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡೂ. ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ಅಂತರ), ಹಿಂದಿನ ಓವರ್‌ಹ್ಯಾಂಗ್ (ಹಿಂಚಕ್ರದಾಚೆ ಚಾಚಿದ ಭಾಗ) ಇವೆರಡೂ ಇನ್‌ಸ್ಪೆಕ್ಟರ್ ಟೇಪು ಹಿಡಿದರೆ ತಕ್ಷಣ ಗೊತ್ತಾಗುವಂಥವು. ಗಾಡಿ ಸಾಗಣೆ ವರ್ಗದ್ದು, ಎಂಟು ವರ್ಷ ದಾಟಿದ್ದು, ಹಾಗಾಗಿ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರದ ತಪಾಸಣೆ) ವರ್ಷಕ್ಕೊಮ್ಮೆ ಇದ್ದೇ ಇದೆ. ಅಲ್ಲಿ ಸಿಕ್ಕಿಬೀಳುವುದಕ್ಕಿಂತ ದೊಡ್ಡ ತೊಂದರೆ ಅಪಘಾತ ಆದಾಗ ಬರುತ್ತದೆ. ವಿಮೆಯವರು ಮೊದಲು ಕೇಳುವುದೇ ಇದನ್ನು.

ಮೂಲ ಅಳತೆಗೆ ಸರಿಯಾಗಿ ದುರಸ್ತಿ ಮಾಡುವುದು ಮಾರ್ಪಾಡು ಅಲ್ಲ, ಅದಕ್ಕೆ ಅಡ್ಡಿ ಇಲ್ಲ. ಆದರೆ ಚಾಸಿಸ್ ನಂಬರ್ ಪಂಚ್ ಮಾಡಿದ ಜಾಗವನ್ನು ಗ್ರೈಂಡರಿನಿಂದ ದೂರ ಇಡಿ. ಕೆಲಸ ಶುರು ಮಾಡುವ ಮೊದಲು ಅದರ ಫೋಟೋ ತೆಗೆದು, ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ಅಚ್ಚು ಇಳಿಸಿ ಇಟ್ಟುಕೊಳ್ಳಿ. ಅಲ್ಲಿ ತುಕ್ಕು ಇದ್ದರೆ ಕೈಯಲ್ಲಿ ನೈಲಾನ್ ಬ್ರಷ್, ಮೇಲೆ ಪಾರದರ್ಶಕ ಲ್ಯಾಕರ್ ಅಥವಾ ಗ್ರೀಸ್. ಅಕ್ಷರ ಓದಲಾಗದಷ್ಟು ಹೋಗಿದ್ದರೆ ಮೊದಲು ಆರ್‌ಟಿಒ ಕಚೇರಿಗೆ ಅರ್ಜಿ. ಸ್ವಂತ ಪಂಚ್ ಹಿಡಿದು ಹೊಡೆದರೆ ಅದು ಕ್ರಿಮಿನಲ್ ಕೇಸಿನ ದಾರಿ.

ಬಂದರ್ ವೆಲ್ಡರ್

ಸರಿ. ಈಗ ಎತ್ತುವ ವಿಷಯ. ನಮ್ಮ ಊರಲ್ಲಿ ಎಲ್ಲರ ಅಂಗಳದಲ್ಲೂ ನಾಲ್ಕು ಕೆಂಪುಕಲ್ಲು ಬಿದ್ದಿರುತ್ತದೆ, ಗಾಡಿಗೆ ಅದನ್ನೇ ಕೊಡುವುದು ಅಭ್ಯಾಸ. ದಯವಿಟ್ಟು ಬೇಡ ಮಾರಾಯ್ರೆ. ಮಳೆನೀರು ಕುಡಿದ ಕೆಂಪುಕಲ್ಲು ಒಂದು ಮೂಲೆಗೆ ಭಾರ ಬಿದ್ದರೆ ಸೂಚನೆ ಕೊಡದೆ ಒಡೆಯುತ್ತದೆ. ಸಿಮೆಂಟ್ ಹಾಲೋ ಬ್ಲಾಕ್ ಇನ್ನೂ ಕಷ್ಟ. ಮೂರು ಟನ್ನಿನ ಜ್ಯಾಕ್ ಸ್ಟ್ಯಾಂಡ್ ನಾಲ್ಕು, ಅಥವಾ ದಪ್ಪ ಮರದ ತುಂಡುಗಳನ್ನು ಅಡ್ಡ ಉದ್ದ ಪೇರಿಸಿದ ಅಟ್ಟಿ. ಬರೀ ಹೈಡ್ರಾಲಿಕ್ ಜ್ಯಾಕಿನ ಮೇಲೆ ನಿಂತ ಗಾಡಿಯಡಿ ತಲೆ ಹಾಕಬಾರದು.

ಇನ್ನೊಂದು, ಬಾಡಿ ತೆಗೆಯುವ ಮೊದಲೇ ಚಾಸಿಸ್ ಸೊಟ್ಟ ಆಗಿದೆಯಾ ನೋಡಿ. ಎರಡೂ ಬದಿಯ ಪ್ರತಿ ಸ್ಪ್ರಿಂಗ್ ಪಿನ್ನಿನ ನಡುಬಿಂದುವಿನಿಂದ ತೂಗುಗುಂಡು ಇಳಿಸಿ ನೆಲದ ಮೇಲೆ ಗುರುತು ಹಾಕಿ. ಆರು ಅಥವಾ ಎಂಟು ಬಿಂದು ಸಿಗುತ್ತದೆ. ಕರ್ಣಗಳನ್ನು ಅಡ್ಡಡ್ಡ ಅಳೆದು ಹೋಲಿಸಿ. 3 ಮಿ.ಮೀ. ಒಳಗಿನ ವ್ಯತ್ಯಾಸ ಚಿಂತೆ ಇಲ್ಲ. 6 ಮಿ.ಮೀ. ದಾಟಿದರೆ ಗಾಡಿ ಎಂದೋ ಗುದ್ದಿದೆ ಅಂತ ಅರ್ಥ, ಅದನ್ನು ಎಳೆದು ಸರಿ ಮಾಡುವ ಜಿಗ್ ಇರುವಲ್ಲಿಗೆ ಒಯ್ಯಬೇಕು. ತಿರುಚು ನೋಡಲಿಕ್ಕೆ ಗಾರೆ ಮೇಸ್ತ್ರಿಗಳ ನೀರಿನ ಟ್ಯೂಬ್ ಸಾಕು: ನಾಲ್ಕು ಮೂಲೆಯ ಎತ್ತರ ಒಂದೇ ನೀರಿನ ಮಟ್ಟದಿಂದ ಅಳೆಯಿರಿ.

ಈ ಅಳತೆಗಳನ್ನು ಬರೆದಿಡಿ. ವೆಲ್ಡಿಂಗ್ ಆದ ಮೇಲೆ ಪುನಃ ಇದೇ ಅಳತೆ ಬರಬೇಕು.

ತೋಟದ ಗಾಡಿ

ನಮ್ಮ ಪುತ್ತೂರು ಕಡೆಯ ಗಾಡಿಗಳಿಗೆ ಮೀನಿನ ನೀರಿಲ್ಲ, ಆದರೂ ಚಾಸಿಸ್ ಹೋಗುತ್ತದೆ. ಅಡಿಕೆ ತೋಟದ ಮದ್ದಿನ ಡ್ರಮ್ಮು ಕಾರಣ. ಮೈಲುತುತ್ತಿನ ದ್ರಾವಣ ಸುಣ್ಣಕ್ಕೆ ಬೆರೆಸುವ ಮೊದಲು ಕಬ್ಬಿಣದ ಮೇಲೆ ಚೆಲ್ಲಿದರೆ ತಾಮ್ರ ಅಲ್ಲಿ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಕೂತ ತಾಮ್ರ ಆಮೇಲೂ ಸುತ್ತಲಿನ ಕಬ್ಬಿಣವನ್ನು ತಿನ್ನುತ್ತಾ ಇರುತ್ತದೆ. ಪೊಟ್ಯಾಷ್ ಚೀಲದ ಪುಡಿಯೂ ಕ್ಲೋರೈಡೇ, ಉಪ್ಪಿನದ್ದೇ ಗುಣ. ಚಾನಲಿನ ಒಳಗೆ ಕೆಂಪು ಮಣ್ಣು ತುಂಬಿಕೊಂಡಿದ್ದರೆ ಇದೆಲ್ಲ ಅದರಲ್ಲಿ ನಿಂತು ವರ್ಷಪೂರ್ತಿ ಒದ್ದೆ ಇರುತ್ತದೆ. ಕೊಳೆರೋಗದ ಮದ್ದು ಬಿಟ್ಟು ಮುಗಿದ ದಿನವೇ ಚಾಸಿಸಿಗೆ ನೀರು ಹಾಯಿಸುವ ಅಭ್ಯಾಸ ಬೇಕು.

ಮೈಕ್ರಾನ್

ತೋಟದ ಗಾಡಿಯವರು ಹೇಳಿದ್ದು ಸರಿ, ಅದು ಮುಂದಿನ ಹಂತಕ್ಕೂ ಬೇಕಾದ್ದು. ಗ್ರೈಂಡರ್ ಹಿಡಿಯುವ ಮೊದಲು ಉಪ್ಪು ತೊಳೆಯಬೇಕು. ತುಕ್ಕಿನ ಗುಳಿಗಳ ತಳದಲ್ಲಿ ಕ್ಲೋರೈಡ್ ಕೂತಿರುತ್ತದೆ. ವೈರ್ ಬ್ರಷ್ ಅದನ್ನು ತೆಗೆಯುವುದಿಲ್ಲ, ಒರೆಸಿ ಹೊಳಪು ಮಾಡಿ ಇನ್ನೂ ಒಳಗೆ ಒತ್ತುತ್ತದೆ. ಮೇಲಿಂದ ಬಣ್ಣ ಹಚ್ಚಿದರೆ ಆ ಉಪ್ಪು ಬಣ್ಣದ ಮೂಲಕ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಎಷ್ಟು ದುಬಾರಿ ಪೈಂಟ್ ಆದರೂ ಇದೇ ಕತೆ.

ಕ್ರಮ: ದೊಡ್ಡ ಪದರಗಳನ್ನು ಉಳಿ, ಸ್ಕ್ರೇಪರಿನಲ್ಲಿ ಕೆಡವಿ. ಪ್ರೆಶರ್ ವಾಷರಿನಲ್ಲಿ ಸಿಹಿನೀರು, ಚಾನಲಿನ ಒಳಗೆ ಮುಂದಿನಿಂದ ಹಿಂದಕ್ಕೆ. ಕಡಲ ಬದಿಯ ಬಾವಿಗಳಲ್ಲಿ ಬೇಸಿಗೆ ಕೊನೆಗೆ ಉಪ್ಪು ಏರುತ್ತದೆ, ಅಂಥ ನೀರು ಬೇಡ. ಮಳೆಗಾಲದಲ್ಲಿ ಮಾಡಿನ ನೀರು ಹಿಡಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಒಣಗಿಸಿ, ಗ್ರೈಂಡ್ ಮಾಡಿ, ಪುನಃ ತೊಳೆಯಿರಿ. ಕೊನೆಯ ಪರೀಕ್ಷೆ ಹೀಗೆ: ಸ್ವಚ್ಛ ಮಾಡಿದ ಜಾಗವನ್ನು ಸಂಜೆ ನೀರು ಚಿಮುಕಿಸಿ ಬಿಡಿ. ಬೆಳಿಗ್ಗೆ ತೆಳುವಾಗಿ ಒಂದೇ ಸಮ ಕೇಸರಿ ಬಂದಿದ್ದರೆ ಅದು ಬರೀ ಗಾಳಿಯ ತುಕ್ಕು. ಗುಳಿಗುಳಿಯಲ್ಲಿ ಕಪ್ಪು ಕಪ್ಪು ಚುಕ್ಕೆ ಎದ್ದಿದ್ದರೆ ಉಪ್ಪು ಇನ್ನೂ ಇದೆ, ಇನ್ನೊಂದು ಸುತ್ತು.

ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಹರಳು ಹೊಡೆದು ತುಕ್ಕು ತೆಗೆಯುವುದು) ಮಾಡಿಸುವುದಾದರೆ ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ. ಮನೆಯಲ್ಲಿ ಸಣ್ಣ ಬ್ಲಾಸ್ಟ್ ಗನ್ನಿಗೆ ಕಡಲ ಮರಳು ತುಂಬುವವರೂ ಇದ್ದಾರೆ. ಅದು ಎರಡು ಥರದಲ್ಲಿ ಕೆಟ್ಟದ್ದು. ಉಪ್ಪನ್ನು ಕಬ್ಬಿಣಕ್ಕೆ ಹೊಡೆದು ಕೂರಿಸಿದ ಹಾಗಾಗುತ್ತದೆ, ಒಡೆದ ಮರಳಿನ ಧೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ತರುತ್ತದೆ. ಬ್ಲಾಸ್ಟ್ ಆದ ಮೇಲೆ ನಮ್ಮ ಹವೆಯಲ್ಲಿ ನಾಲ್ಕು ಗಂಟೆಯೊಳಗೆ ಪ್ರೈಮರ್ ಬೀಳಬೇಕು.

ಹೆಜಮಾಡಿ 66

ರಸ್ಟ್ ಕನ್ವರ್ಟರ್ ಹಚ್ಚಿ ಸುಮ್ಮನಾದರೆ ಆಗುವುದಿಲ್ಲವಾ? ಬಾಟಲಿಯ ಮೇಲೆ ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ ಅಂತ ಬರೆದಿರುತ್ತದೆ.

ಮೈಕ್ರಾನ್

ಫಾಸ್ಫಾರಿಕ್ ಆಮ್ಲದ್ದು ತೆಳು ತುಕ್ಕಿಗೆ ಕೆಲಸ ಮಾಡುತ್ತದೆ. ಬೆರಳಿನ ಉಗುರಿಗೆ ಸಿಗುವಷ್ಟು ದಪ್ಪದ ತುಕ್ಕಾದರೆ ಮೇಲ್ಪದರ ಮಾತ್ರ ಕಪ್ಪಾಗುತ್ತದೆ. ಎರಡು ಹಾಳೆಗಳ ಸಂದಿಗೆ ಇಳಿದ ಆಮ್ಲವನ್ನು ತೊಳೆಯಲಿಕ್ಕೆ ಆಗುವುದಿಲ್ಲ, ಅದರ ಮೇಲೆ ಎಪಾಕ್ಸಿ ಹಿಡಿಯುವುದೂ ಇಲ್ಲ. ಬಯಲು ಜಾಗಕ್ಕೆ ಹಚ್ಚಿ, ತೊಳೆದು, ಒಣಗಿಸಿ. ಸಂದಿಗಳಿಗೆ ಬೇಡ.

ಬಂದರ್ ವೆಲ್ಡರ್

ವೆಲ್ಡಿಂಗ್. ಸ್ವಲ್ಪ ಉದ್ದ ಬರೆಯುತ್ತೇನೆ, ಹೆಚ್ಚಿನ ಚಾಸಿಸ್ ಹಾಳಾಗುವುದು ತುಕ್ಕಿನಿಂದ ಅಲ್ಲ, ತುಕ್ಕಿಗೆ ಮಾಡಿದ ವೆಲ್ಡಿಂಗಿನಿಂದ.

ಶುರು ಮಾಡುವ ಮೊದಲು ಬ್ಯಾಟರಿಯ ಎರಡೂ ವೈರ್, ಆಲ್ಟರ್ನೇಟರಿನ ವೈರ್ ತೆಗೆಯಿರಿ. ಡೀಸೆಲ್ ಟ್ಯಾಂಕ್ ಇಳಿಸಿ ಮಾಡಿನಿಂದಲೇ ಹೊರಗಿಡಿ. ಬ್ರೇಕ್ ಪೈಪ್, ವೈರಿಂಗ್ ಪಕ್ಕಕ್ಕೆ ಕಟ್ಟಿ. ಅರ್ಥ್ ಕ್ಲ್ಯಾಂಪ್ ವೆಲ್ಡ್ ಮಾಡುವ ತುಂಡಿನ ಪಕ್ಕದಲ್ಲೇ ಇರಲಿ. ಚಕ್ರದ ಹಬ್ಬಿಗೆ ಕಚ್ಚಿಸಿದರೆ ಕರೆಂಟು ವೀಲ್ ಬೇರಿಂಗಿನ ಮೂಲಕ ಹರಿದು ಅದರ ಉರುಳೆಗೆ ಚುಕ್ಕಿ ಹೊಡೆಯುತ್ತದೆ.

ಹೊಸ ತುಂಡಿನ ದಪ್ಪ ಮೂಲ ಚಾನಲಿನಷ್ಟೇ. ದಪ್ಪ ಜಾಸ್ತಿ ಆದಷ್ಟು ಗಟ್ಟಿ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಚಾಸಿಸ್ ಬಾಗಬೇಕಾದ ವಸ್ತು, 8 ಮಿ.ಮೀ. ಪ್ಲೇಟ್ ಕೂರಿಸಿದರೆ ಆ ಪ್ಲೇಟ್ ಮುಗಿಯುವ ಅಂಚಿನಲ್ಲಿ ಇಡೀ ಬಾಗು ಬಂದು ಸೇರುತ್ತದೆ, ಆರು ತಿಂಗಳಲ್ಲಿ ಅಲ್ಲೇ ಸೀಳುತ್ತದೆ. ಪ್ಲೇಟಿನ ತುದಿ ನೇರ ಚೌಕ ಬೇಡ, ಮೀನಿನ ಬಾಯಿಯ ಆಕಾರಕ್ಕೆ ಕತ್ತರಿಸಿ, ಮೂಲೆಗಳಿಗೆ 25 ಮಿ.ಮೀ. ತ್ರಿಜ್ಯದ ದುಂಡು. ಚಾನಲಿಗೆ ಅಡ್ಡಲಾಗಿ ಮೇಲಿಂದ ಕೆಳಗೆ ಒಂದೇ ಗೆರೆಯ ವೆಲ್ಡ್ ಎಳೆಯಲೇಬಾರದು. ಮೇಲಿನ ಕೆಳಗಿನ ತುಟಿಯ ಅಂಚಿಗೆ ವೆಲ್ಡ್ ತಾಗಬಾರದು, 20 ಮಿ.ಮೀ. ಬಿಟ್ಟು ನಿಲ್ಲಿಸಿ. ತುಟಿಗೆ ತೂತು ಕೊರೆಯುವುದೂ ಬೇಡ, ಕೆಳ ತುಟಿ ಲೋಡ್ ಬಿದ್ದಾಗ ಎಳೆತದಲ್ಲಿರುತ್ತದೆ. ತೂತು ಬೇಕಾದರೆ ನಡುಬದಿಯಲ್ಲಿ, ಎರಡು ತೂತಿನ ಅಂತರ ವ್ಯಾಸದ ಮೂರು ಪಟ್ಟು.

ಒಳಚಾನಲ್ (ಚಾನಲಿನ ಒಳಗೆ ಬಲಕ್ಕಾಗಿ ಇಡುವ ಇನ್ನೊಂದು ಚಾನಲ್) ಕೂರಿಸುವುದಾದರೆ ಹೊರಗಿನ ಚಾನಲಿನ ನಡುಬದಿಗೆ 12 ಮಿ.ಮೀ. ತೂತು, 70 ಮಿ.ಮೀ. ಅಂತರ, ಮೇಲೆ ಕೆಳಗೆ ಅಂಕುಡೊಂಕಾಗಿ. ಆ ತೂತು ತುಂಬಿಸಿ ಪ್ಲಗ್ ವೆಲ್ಡ್. ಉದ್ದದ ಸಾಲಿಗೆ 40 ಮಿ.ಮೀ. ವೆಲ್ಡ್, 60 ಮಿ.ಮೀ. ಖಾಲಿ, ಎಡ ಒಂದು ಬಲ ಒಂದು. ಕೈಯಲ್ಲಿ ಮುಟ್ಟುವಷ್ಟು ತಣಿಯದೆ ಪಕ್ಕದ್ದಕ್ಕೆ ಹೋಗಬೇಡಿ. ನೀರು ಹಾಕಿ ತಣಿಸಬೇಡಿ.

ಯಂತ್ರ: ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ನಡೆಯುತ್ತದೆ. ಮಿಗ್ (ಗ್ಯಾಸಿನ ರಕ್ಷಣೆಯಲ್ಲಿ ತಂತಿ ಉಣಿಸುವ ವೆಲ್ಡಿಂಗ್) ಆದರೆ 0.8 ಮಿ.ಮೀ. ಇಆರ್70ಎಸ್-6 ತಂತಿ. ರಾಡ್ ಆದರೆ 2.5 ಮಿ.ಮೀ.ನ 7018 ನಂಬರಿನದ್ದು, 70ರಿಂದ 90 ಆಂಪಿಯರ್. ಆದರೆ 7018 ನಮ್ಮ ಹವೆಯಲ್ಲಿ ತೇವ ಕುಡಿಯುತ್ತದೆ. ಪ್ಯಾಕೆಟ್ ಒಡೆದು ಒಂದು ರಾತ್ರಿ ಇಟ್ಟ ರಾಡನ್ನು 300 ಡಿಗ್ರಿಗಿಂತ ಮೇಲೆ ಒಂದೆರಡು ಗಂಟೆ ಓವನ್ನಿನಲ್ಲಿ ಕಾಯಿಸದೆ ಹಚ್ಚಿದರೆ ಹೈಡ್ರೋಜನ್ ಒಳಗೆ ಸೇರಿ ಮಾರನೇ ದಿನ ಬಿರುಕು ಬಿಡುತ್ತದೆ. ಕಾಯಿಸುವ ವ್ಯವಸ್ಥೆ ಇಲ್ಲದವರು ಮಿಗ್ ಬಾಡಿಗೆಗೆ ತನ್ನಿ. ಮಿಗ್‌ನ ಗ್ಯಾಸಿಗೆ ಗಾಳಿ ಆಗದು, ಕಡಲ ಕಡೆಯ ಬದಿಗೆ ಟಾರ್ಪಾಲ್ ಕಟ್ಟಿ.

ಹ್ಯಾಂಗರ್ ಬ್ರಾಕೆಟ್, ಸ್ಟಿಯರಿಂಗ್ ಬಾಕ್ಸ್ ಜಾಗ ಇವೆರಡನ್ನು ಕಲಿಕೆಯ ಕೈಯಲ್ಲಿ ಮಾಡಬೇಡಿ. ಅನುಭವಿ ವೆಲ್ಡರನ್ನು ಮನೆಗೆ ಕರೆಸಿ ಅಷ್ಟು ಮಾತ್ರ ಮಾಡಿಸಿ, ಉಳಿದದ್ದು ನಿಮ್ಮದು.

ಹೆಜಮಾಡಿ 66

ರಿವೆಟ್ ತೆಗೆದಲ್ಲಿ ಬೋಲ್ಟ್ ಹಾಕಬಹುದಾ, ಅಥವಾ ವೆಲ್ಡ್ ಮಾಡಿ ಮುಗಿಸುವುದಾ? ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ತುಕ್ಕಿನ ರಗಳೆಯೇ ಇಲ್ಲವಲ್ಲ.

ಬಂದರ್ ವೆಲ್ಡರ್

ವೆಲ್ಡ್ ಬೇಡ. ಬೋಲ್ಟ್ ಹಾಕಿ, ಆದರೆ ತೂತಿಗೆ ಬಿಗಿಯಾಗಿ ಕೂರಬೇಕು. ರಿವೆಟ್ ಹೊಡೆದಾಗ ಉಬ್ಬಿ ತೂತನ್ನು ಪೂರ್ತಿ ತುಂಬುತ್ತದೆ. ಬೋಲ್ಟ್ ಹಾಗೆ ಮಾಡುವುದಿಲ್ಲ. ತೂತು 10.5 ಇದ್ದು ಬೋಲ್ಟ್ 10 ಇದ್ದರೆ ಜೋಡಣೆ ಆಡುತ್ತಾ ಆಡುತ್ತಾ ತೂತು ಮೊಟ್ಟೆಯಾಕಾರ ಆಗುತ್ತದೆ. ರಿವೆಟಿನ ತಲೆ ಗ್ರೈಂಡ್ ಮಾಡಿ, ನಡುವೆ ಕೊರೆದು, ಪಂಚಿನಲ್ಲಿ ಹೊಡೆದು ತೆಗೆದ ಮೇಲೆ ರೀಮರ್ (ತೂತನ್ನು ಸರಿ ಅಳತೆಗೆ ಕೆರೆಯುವ ಉಪಕರಣ) ಆಡಿಸಿ ಮುಂದಿನ ಅಳತೆಗೆ ತನ್ನಿ. ಹಾಳೆಗಳ ನಡುವೆ ಬೋಲ್ಟಿನ ನುಣುಪು ಭಾಗ ಬರಬೇಕು, ಮರೆ (ತಿರುಪಿನ ಹಲ್ಲು) ಬರಬಾರದು. 8.8 ಗ್ರೇಡಿನ ಎಂ10 (10 ಮಿ.ಮೀ.) ಬೋಲ್ಟಿಗೆ ಟಾರ್ಕ್ (ತಿರುಗಿಸಿ ಬಿಗಿ ಮಾಡುವ ಬಲ) 45ರಿಂದ 50 ನ್ಯೂಟನ್ ಮೀಟರ್, ಎಂ12ಕ್ಕೆ 80ರಿಂದ 85. ಎಣ್ಣೆ ಹಚ್ಚಿದ ಮರೆಗೆ ಅದರಲ್ಲಿ ಶೇ. 15 ಕಮ್ಮಿ. ಲಾಕ್ ನಟ್ ಹೊಸದು.

ಸ್ಟೇನ್‌ಲೆಸ್ ಎ2-70 ಬೋಲ್ಟಿನ ಬಲ 8.8ಕ್ಕಿಂತ ಕಡಿಮೆ, ಬಿಗಿ ಮಾಡುವಾಗ ಮರೆ ಕಚ್ಚಿಕೊಂಡು ಅಲ್ಲೇ ನಿಲ್ಲುವುದೂ ಉಂಟು. ಮಡ್‌ಗಾರ್ಡ್, ನಂಬರ್ ಪ್ಲೇಟ್, ವೈರಿಂಗ್ ಕ್ಲಿಪ್ಪಿಗೆ ಹಾಕಿ. ಭಾರ ಹೊರುವಲ್ಲಿ ಬೇಡ.

ಶ್ಯಾಕಲ್

ಸ್ಪ್ರಿಂಗಿನ ಮಾತು ಯಾರೂ ಎತ್ತಲಿಲ್ಲ. ಒಂದು ಪ್ಲೇಟ್ ಜಾಸ್ತಿ ಹಾಕುವುದು ಸುಲಭ, ಪರಿಣಾಮ ಎಲ್ಲಿಗೆ ಹೋಗುತ್ತದೆ ನೋಡಬೇಕು.

ಒಂದೇ ದಪ್ಪದ ಆರು ಪ್ಲೇಟಿಗೆ ಏಳನೆಯದು ಸೇರಿದರೆ ಬಿಗಿ ಸುಮಾರು ಶೇ. 17 ಏರುತ್ತದೆ. ಪ್ಲೇಟಿನ ದಪ್ಪ ಬದಲಾಯಿಸಿದರೆ ಲೆಕ್ಕ ಬೇರೆ, ದಪ್ಪದ ಘನಕ್ಕೆ ಏರುತ್ತದೆ. 7 ಮಿ.ಮೀ. ಬದಲು 8 ಹಾಕಿದರೆ ಆ ಪ್ಲೇಟಿನ ಬಿಗಿ ಒಂದೂವರೆ ಪಟ್ಟು. ಬಿಗಿಯಾದ ಸ್ಪ್ರಿಂಗ್ ನುಂಗದ ಪೆಟ್ಟು ನೇರ ಹ್ಯಾಂಗರ್ ಬ್ರಾಕೆಟಿಗೆ ಹೋಗುತ್ತದೆ, ನಿಮ್ಮ ಚಾಸಿಸ್ ಈಗ ದುರ್ಬಲ ಇರುವುದೂ ಅಲ್ಲಿಯೇ. ಆರ್‌ಸಿಯ ತೂಕವೇನೂ ಇದರಿಂದ ಏರುವುದಿಲ್ಲ. ಪ್ಲೇಟ್ ಜಾಸ್ತಿ ಮಾಡುವ ಬದಲು ಇರುವ ಸೆಟ್ಟನ್ನು ಬಿಚ್ಚಿ, ಬಿರುಕು ಬಿಟ್ಟದ್ದು ಬದಲಿಸಿ, ಕುಸಿದ ಬಾಗು ಸ್ಪ್ರಿಂಗ್ ಅಂಗಡಿಯಲ್ಲಿ ಸರಿ ಮಾಡಿಸಿದರೆ ಗಾಡಿಯ ಎತ್ತರ ವಾಪಸ್ ಬರುತ್ತದೆ.

ಯು ಬೋಲ್ಟ್ (ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವುದು), ಸೆಂಟರ್ ಬೋಲ್ಟ್ (ಪ್ಲೇಟುಗಳನ್ನು ಜೋಡಿಸುವುದು) ಬಿಚ್ಚಿದ್ದನ್ನು ಪುನಃ ಹಾಕಬೇಡಿ. ಒಮ್ಮೆ ಬಿಗಿಯಾದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಎರಡನೇ ಸಲ ಬಿಗಿ ನಿಲ್ಲುವುದಿಲ್ಲ, ಆಕ್ಸಲ್ ಜಾರುತ್ತದೆ. ರಬ್ಬರ್ ಬುಷ್ ಹಾಕುವಾಗ ಶ್ಯಾಕಲಿನ ನಟ್ಟುಗಳನ್ನು ಬಿಗಿ ಮಾಡಬೇಕಾದದ್ದು ಚಕ್ರ ನೆಲಕ್ಕೆ ತಾಗಿ ಗಾಡಿಯ ಭಾರ ಬಿದ್ದ ಮೇಲೆ. ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. 500 ಕಿ.ಮೀ. ಓಡಿದ ಮೇಲೆ ಯು ಬೋಲ್ಟ್ ಇನ್ನೊಮ್ಮೆ ಟಾರ್ಕ್ ನೋಡಿ.

ಬ್ರೇಕ್ ಪೈಪ್ ಹಳೆಯದ್ದು ಇದ್ದರೆ ಕ್ಲಿಪ್ಪಿನ ಅಡಿಯಲ್ಲಿ ಉಗುರಿನಿಂದ ಕೆರೆಯಿರಿ. ಹೊರಗೆ ಚೆನ್ನಾಗಿ ಕಂಡು ಕ್ಲಿಪ್ಪಿನಡಿ ಕಾಗದದಷ್ಟು ತೆಳು ಆಗಿರುತ್ತದೆ. ಬದಲಿಸುವುದಾದರೆ 4.75 ಮಿ.ಮೀ. ತಾಮ್ರ ನಿಕಲ್ ಪೈಪ್, ತುದಿಗೆ ಡಬಲ್ ಫ್ಲೇರ್ (ಎರಡು ಮಡಿಕೆಯ ಅಗಲ ಬಾಯಿ). ಅಡುಗೆ ಗ್ಯಾಸಿನ ತಾಮ್ರದ ಪೈಪ್ ಬೇಡವೇ ಬೇಡ.

ತೆಂಕಪೇಟೆ

ಇಷ್ಟೆಲ್ಲ ಖರ್ಚಿಲ್ಲದೆ ಮಳೆಗಾಲದ ಮೊದಲು ವೇಸ್ಟ್ ಆಯಿಲ್ ಸ್ಪ್ರೇ ಮಾಡಿಸುವುದು ಊರಿನ ಪದ್ಧತಿ. ಲಾರಿಗಳೆಲ್ಲ ಹಾಗೆಯೇ ನಡೆದಿವೆ.

ಮೈಕ್ರಾನ್

ಎಣ್ಣೆ ಪದರ ತುಕ್ಕನ್ನು ನಿಧಾನ ಮಾಡುತ್ತದೆ, ಅದು ಸುಳ್ಳಲ್ಲ. ಆದರೆ ಎಂಜಿನಿನಲ್ಲಿ ಕೆಲಸ ಮುಗಿಸಿದ ಎಣ್ಣೆಯಲ್ಲಿ ಆಮ್ಲ, ಮಸಿ ಇರುತ್ತದೆ. ಸ್ಪ್ರಿಂಗ್ ಬುಷ್, ಬಾಡಿ ಪ್ಯಾಡ್‌ನ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬ್ರೇಕ್ ಡ್ರಮ್ಮಿಗೆ ಹನಿ ಬಿದ್ದರೆ ಲೈನಿಂಗ್ ಹೋಯಿತು. ಮೊದಲ ಮಳೆಗೆ ಅಂಗಳದಿಂದ ಬಾವಿ ಕಡೆಗೆ ಹರಿಯುವುದೂ ಅದೇ. ಮುಂದೆ ಪೈಂಟ್ ಹಚ್ಚುವ ಆಸೆ ಇದ್ದರೆ ಸಂದಿಗಳಿಂದ ಅದನ್ನು ತೆಗೆಯುವುದು ಅಸಾಧ್ಯ ಅನ್ನಬಹುದು.

ಅದಕ್ಕಿಂತ ಕೆಟ್ಟದ್ದು ತುಕ್ಕಿನ ಮೇಲೆ ದಪ್ಪ ಡಾಂಬರಿನಂಥ ಅಂಡರ್‌ಕೋಟ್. ಒಂದು ಕಲ್ಲು ತಾಗಿ ಸಣ್ಣ ಬಿರುಕು ಬಿಟ್ಟರೆ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಹೊರಗೆ ಕಪ್ಪು ಹೊಳಪು, ಒಳಗೆ ಕಬ್ಬಿಣವೇ ಇಲ್ಲ.

ಪೈಂಟಿನ ಲೆಕ್ಕ: ಚಾನಲ್ 130 ಮಿ.ಮೀ. ನಡುಬದಿ, 55ರ ಎರಡು ತುಟಿ ಅಂತ ಇಟ್ಟುಕೊಂಡರೆ ಒಳಹೊರಗೆ ಸೇರಿ ಮೀಟರಿಗೆ 0.48 ಚದರ ಮೀಟರ್. 4.4 ಮೀಟರಿನ ಎರಡು ಉದ್ದ, ಐದು ಅಡ್ಡ ಮೆಂಬರ್, ಬ್ರಾಕೆಟ್, ಆಕ್ಸಲ್ ಸೇರಿ ಸುಮಾರು 8 ಚದರ ಮೀಟರ್ ಆಗುತ್ತದೆ. ಘನಾಂಶ ಶೇ. 50 ಇರುವ ಎರಡು ಡಬ್ಬಿಯ ಎಪಾಕ್ಸಿ ಜಿಂಕ್ ಫಾಸ್ಫೇಟ್ ಪ್ರೈಮರ್ ಒಣಗಿ 60 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ 1 ಮಿ.ಮೀ.) ನಿಲ್ಲಬೇಕಾದರೆ ಒದ್ದೆಯಲ್ಲಿ 120 ಮೈಕ್ರಾನ್ ಹಚ್ಚಬೇಕು. ಒಂದು ಸುತ್ತಿಗೆ ಸುಮಾರು 1 ಲೀಟರ್, ಬ್ರಷ್ಷಿನ ನಷ್ಟ ಸೇರಿ 1.2. ಸ್ಪ್ರೇ ಆದರೆ 1.6. ಬ್ರಷ್ಷಿನಲ್ಲಾದರೆ ಎರಡು ಸುತ್ತಿಗೆ 3 ಲೀಟರ್ ತನ್ನಿ. ಮೇಲೆ 2ಕೆ ಪಿಯು (ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಬಣ್ಣ) ಕಪ್ಪು ಒಂದು ಸುತ್ತು, 40ರಿಂದ 50 ಮೈಕ್ರಾನ್.

ಬೆರೆಸುವ ಪ್ರಮಾಣ ಡಬ್ಬಿಯಲ್ಲಿ ಬರೆದದ್ದೇ, ಅಂದಾಜು ಬೇಡ. ಗಟ್ಟಿಕಾರಕ ಜಾಸ್ತಿ ಹಾಕಿದರೆ ಬೇಗ ಒಣಗುತ್ತದೆ ಅನ್ನುವುದು ತಪ್ಪು, ಬಣ್ಣ ಪೆಡಸಾಗಿ ಚಿಪ್ಪು ಏಳುತ್ತದೆ. ಮೊದಲ ಸುತ್ತಿನ ಮೊದಲು ಅಂಚು, ವೆಲ್ಡ್, ಬೋಲ್ಟ್ ತಲೆಗಳಿಗೆ ಸಣ್ಣ ಬ್ರಷ್ಷಿನಲ್ಲಿ ಒಂದು ಕೈ ಹೊಡೆಯಿರಿ. ಚೂಪು ಅಂಚಿನಿಂದ ಬಣ್ಣ ಹಿಂದೆ ಸರಿಯುತ್ತದೆ, ತುಕ್ಕು ಅಲ್ಲಿಂದಲೇ ಶುರು. 2ಕೆ ಪಿಯುಗೆ ಐಸೋಸಯನೇಟ್ ಗಟ್ಟಿಕಾರಕ, ಸ್ಪ್ರೇ ಮಾಡುವುದಾದರೆ ಬಟ್ಟೆಯ ಮಾಸ್ಕ್ ಸಾಲದು. ಸರಿಯಾದ ಉಸಿರು ರಕ್ಷಕ ಇಲ್ಲದಿದ್ದರೆ ಬ್ರಷ್ಷಿನಲ್ಲೇ ಮುಗಿಸಿ. ಚಾಸಿಸಿಗೆ ಕನ್ನಡಿಯ ನುಣುಪು ಯಾಕೆ?

ತೆಂಕಪೇಟೆ

ಒಪ್ಪಿದೆ, ಬುಷ್ಷಿನ ವಿಷಯ ಗೊತ್ತಿರಲಿಲ್ಲ. ಅಡಿಮರಕ್ಕೆ ಗೇರು ಎಣ್ಣೆ ಹಚ್ಚಬಹುದಲ್ಲ? ದೋಣಿಗೆ ಹಚ್ಚುವ ಹಾಗೆ.

ಶ್ಯಾಕಲ್

ಮರಕ್ಕೆ ಧಾರಾಳ. ಗೇರುಬೀಜದ ಸಿಪ್ಪೆಯ ಎಣ್ಣೆಗೆ ಹುಳ, ನೀರು ಎರಡೂ ತಡೆಯುವ ಗುಣ ಉಂಟು. ಕೈಗೆ ತಾಗಿದರೆ ಸುಟ್ಟ ಗುಳ್ಳೆ ಏಳುತ್ತದೆ, ರಬ್ಬರ್ ಗ್ಲೌಸ್ ಹಾಕಿ. ಪೂರ್ತಿ ಒಣಗಿದ ಮೇಲೆಯೇ ಮರವನ್ನು ಚಾಸಿಸಿಗೆ ಕೂರಿಸಿ. ಮರ ಮತ್ತು ಕಬ್ಬಿಣದ ನಡುವೆ ಹಳೆ ಕನ್ವೇಯರ್ ಬೆಲ್ಟಿನ 8 ಮಿ.ಮೀ. ತುಂಡುಗಳು, ಉದ್ದಕ್ಕೆ ಒಂದೇ ಪಟ್ಟಿ ಅಲ್ಲ. ಬಾಡಿಯ ಯು ಬೋಲ್ಟ್ ಬರುವಲ್ಲಿ ಮಾತ್ರ ಗೇಣುದ್ದದ ತುಂಡು, ನಡುವೆ ಗಾಳಿ ಆಡಲಿ.

ಮೀನಿನ ಗಾಡಿಗೆ ಮಾಡಲೇಬೇಕಾದ ಬದಲಾವಣೆ ಬೇರೊಂದು ಉಂಟು, ಅದಕ್ಕೆ ಆರ್‌ಟಿಒ ಪ್ರಶ್ನೆಯೂ ಬರುವುದಿಲ್ಲ. ಬಾಡಿಯ ನೀರು ಹೋಗುವ ತೂತು ಎಲ್ಲಿದೆ ನೋಡಿ. ಹೆಚ್ಚಿನದರಲ್ಲಿ ನೆಲದ ಮೂಲೆಯಲ್ಲಿ, ನೇರ ಹಿಂದಿನ ಹ್ಯಾಂಗರ್ ಮೇಲೆ. ಮಂಜುಗಡ್ಡೆ ಕರಗಿದ ಉಪ್ಪುನೀರು ಮಲ್ಪೆಯಿಂದ ಹೊರಟಲ್ಲಿಂದ ಇಳಿಸುವವರೆಗೆ ಅದೇ ಜಾಗಕ್ಕೆ ಬೀಳುತ್ತದೆ. ನಿಮ್ಮ ಚಾಸಿಸ್ ಅಲ್ಲೇ ಪದರ ಏಳಲಿಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಆ ತೂತು ಮುಚ್ಚಿ, ಬಾಡಿ ನೆಲದ ನಡುಗೆರೆಯಲ್ಲಿ ಹಿಂದೆ ಒಂದು ಕಡೆ 32 ಮಿ.ಮೀ. ನಳಿಗೆ, ಅದಕ್ಕೆ ರಬ್ಬರ್ ಹೋಸ್ ಕಟ್ಟಿ ಚಾನಲಿಗಿಂತ ಅರ್ಧ ಅಡಿ ಕೆಳಗೆ, ಎರಡು ಚಾನಲುಗಳ ನಡುವೆ ತನ್ನಿ. ತುದಿಗೆ ಬಾಲ್ ವಾಲ್ವ್. ರಸ್ತೆಯಲ್ಲಿ ಚೆಲ್ಲಿಕೊಂಡು ಹೋಗದೆ ಇಳಿಸುವಲ್ಲಿ ಬಿಡಬಹುದು, ಹಿಂದೆ ಬರುವ ಬೈಕಿನವರಿಂದ ಬೈಗುಳವೂ ತಪ್ಪುತ್ತದೆ.

ಕಾಪು ಪಿಕಪ್

ನೋಡಿದೆ, ತೂತು ಸರಿಯಾಗಿ ಹ್ಯಾಂಗರ್ ಮೇಲೆಯೇ ಉಂಟು. ಬಾಡಿ ಉದ್ದ ಮಾಡುವುದು, ಪ್ಲೇಟ್ ಜಾಸ್ತಿ ಮಾಡುವುದು ಎರಡೂ ಕೈಬಿಟ್ಟೆ. ಇನ್ನೆರಡು ಪ್ರಶ್ನೆ. ಒಳಚಾನಲ್ ಕೂರಿಸಿದ ಕಡೆ ಮುಚ್ಚಿದ ಪೆಟ್ಟಿಗೆಯಂತೆ ಆಗುತ್ತದೆ, ಅದರ ಒಳಗೆ ಪೈಂಟ್ ಹೇಗೆ? ಇಡೀ ಚಾಸಿಸ್ ಗ್ಯಾಲ್ವನೈಸ್ ಮಾಡಿಸಿದರೆ ಹೇಗೆ?

ಮೈಕ್ರಾನ್

ಗ್ಯಾಲ್ವನೈಸ್ ತೊಟ್ಟಿಯಲ್ಲಿ ಸತು ಸುಮಾರು 450 ಡಿಗ್ರಿ ಇರುತ್ತದೆ. ಹಳೆ ವೆಲ್ಡಿಂಗಿನ ಒಳ ಒತ್ತಡ ಬಿಟ್ಟು ಚಾಸಿಸ್ ತಿರುಚಬಹುದು. ರಿವೆಟ್ ಹೊಡೆದ ಸಂದಿಗಳಲ್ಲಿ ಆಮ್ಲ ಉಳಿದು ಆಮೇಲೆ ಸೋರುತ್ತದೆ. ಮುಚ್ಚಿದ ಪೆಟ್ಟಿಗೆಗೆ ಗಾಳಿ ತೂತು ಇಲ್ಲದಿದ್ದರೆ ತೊಟ್ಟಿಯಲ್ಲೇ ಸಿಡಿಯುತ್ತದೆ. ಪೂರ್ತಿ ಬಿಚ್ಚಿದ ಹೊಸ ಚಾಸಿಸಿಗೆ ಒಳ್ಳೆಯದು, ನಿಮ್ಮದಕ್ಕೆ ಬೇಡ.

ಪೆಟ್ಟಿಗೆಯ ಒಳಗೆ ಪೈಂಟ್ ಬೇಡ, ಕ್ಯಾವಿಟಿ ವ್ಯಾಕ್ಸ್ (ಪೊಳ್ಳು ಜಾಗಕ್ಕೆ ಚಿಮ್ಮುವ ಮೇಣ). ವೆಲ್ಡಿಂಗ್, ಹೊರಗಿನ ಪೈಂಟ್ ಎಲ್ಲ ಮುಗಿದು ಒಂದು ವಾರ ಬಿಟ್ಟು, ಉದ್ದದ ನಳಿಗೆಯ ತುದಿಯಲ್ಲಿ ಸುತ್ತ ಚಿಮ್ಮುವ ನಾಝಲ್ ಹಾಕಿ ನಿಧಾನ ಹಿಂದಕ್ಕೆ ಎಳೆಯುತ್ತಾ ಬಿಡಿ. ಸಂದಿಗಳಿಂದ ಹೊರಗೆ ಜಿನುಗಿದರೆ ಒಳಗೆ ತುಂಬಿದೆ ಅಂತ ಲೆಕ್ಕ. ಪೆಟ್ಟಿಗೆಯ ಅತಿ ತಗ್ಗಿನ ಜಾಗದಲ್ಲಿ ನಡುಬದಿಗೆ 12 ಮಿ.ಮೀ. ತೂತು ಮೊದಲೇ ಇಟ್ಟಿರಬೇಕು, ವ್ಯಾಕ್ಸ್ ಅದನ್ನು ಕಟ್ಟಿದ್ದರೆ ತಂತಿ ಹಾಕಿ ಬಿಡಿಸಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಇನ್ನೊಂದು ಸುತ್ತು.

ಶ್ಯಾಕಲ್

ಜೋಡಿಸುವಾಗ ಅರ್ಥ್ ಮರೆಯಬೇಡಿ. ಚಾಸಿಸ್ ಚೆನ್ನಾಗಿ ಪೈಂಟ್ ಆದಷ್ಟು ಅರ್ಥ್ ಕೆಡುತ್ತದೆ, ಆಮೇಲೆ ಹೆಡ್‌ಲೈಟ್ ಮಂದ, ಸ್ಟಾರ್ಟರ್ ನಿಧಾನ ಅಂತ ಬ್ಯಾಟರಿ ಬದಲಿಸುವುದು. ಬ್ಯಾಟರಿಯಿಂದ ಚಾಸಿಸ್, ಚಾಸಿಸಿನಿಂದ ಎಂಜಿನ್, ಚಾಸಿಸಿನಿಂದ ಕ್ಯಾಬಿನ್, ಮೂರು ಕಡೆ ನಾಣ್ಯದಗಲ ಪೈಂಟ್ ಕೆರೆದು ಬರಿಲೋಹಕ್ಕೆ ಅರ್ಥ್ ವೈರಿನ ಲಗ್ (ತುದಿಯ ಬಳೆ) ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ. ಎಂಜಿನ್ ಚಾಲೂ ಮಾಡಿ ಲೈಟ್ ಹಾಕಿದಾಗ ಬ್ಯಾಟರಿಯ ಮೈನಸ್ ಮತ್ತು ಕ್ಯಾಬಿನ್ ನಡುವೆ ಮಲ್ಟಿಮೀಟರ್ 0.2 ವೋಲ್ಟಿಗಿಂತ ಕಡಿಮೆ ತೋರಿಸಬೇಕು.

ಕೆಎ 19 ಕಾಗದಪತ್ರ

ಎಫ್‌ಸಿಗೆ ಒಯ್ಯುವಾಗ ಚಾಸಿಸ್ ನಂಬರಿನ ಮೇಲಿನ ಗ್ರೀಸ್ ಒರೆಸಿಕೊಂಡು ಹೋಗಿ.